ಅಲೆಯ ನಾದ, ಅಂಕಿಯ ನಾದ

ಭಾದ್ರಪದ ಮಾಸದ ಸಂಜೆಗಳಲ್ಲಿ ದಾವಣಗೆರೆಯ ಬೀದಿಗಳಲ್ಲಿ ಅಡ್ಡಾಡುವವರ ಕಿವಿಗೆ ಗಣೇಶೋತ್ಸವದ ಚಪ್ಪರಗಳಿಂದ ರಸಮಂಜರಿಯ ಸದ್ದು ಬೀಳದೆ ಇರುವುದಿಲ್ಲ. ಅಲ್ಲಿಂದ ಸುಮಾರು ಹದಿನಾಲ್ಕು ಕಿಲೋಮೀಟರು ದೂರದಲ್ಲಿ, ತುಂಗಭದ್ರೆಯ ದಡದ ಮೇಲಿರುವ ಹರಿಹರದಲ್ಲಿಯೂ ಅದೇ ಸಂಭ್ರಮ. ಕಣ್ಣು ಮುಚ್ಚಿ ಕೇಳಿದರೆ ಕೊಳಲು, ಪಿಟೀಲುಗಳ ಮೇಳ, ಶಹನಾಯಿ, ಗಂಟೆ ಎಲ್ಲವೂ ಇದ್ದಂತೆ ತೋರುತ್ತದೆ; ಕಣ್ಣು ತೆರೆದರೆ ವೇದಿಕೆಯ ಮೂಲೆಯಲ್ಲಿ ಕಬ್ಬಿಣದ ಕಾಲುಗಳ ಮೇಲೆ ಮಲಗಿಸಿದ ಒಂದು ಕಪ್ಪು ಪೆಟ್ಟಿಗೆ, ಅದರ ಹಿಂದೆ ಒಬ್ಬ ವಾದಕ, ಅಷ್ಟೆ. ಯಾವ ಕಂಪನಿಯವರು ತಯಾರಿಸಿದ್ದರೂ ನಮ್ಮ ಜನ ಅದನ್ನು ಕ್ಯಾಸಿಯೋ ಎಂದೇ ಕರೆಯುತ್ತಾರೆ. ಶಾಸ್ತ್ರಕಾರರು ಇಟ್ಟ ಹೆಸರು ಸಿಂಥೆಸೈಸರ್. ಎಂದರೆ ನಾದವನ್ನು ಬಿಡಿಭಾಗಗಳಿಂದ ಜೋಡಿಸಿ ಕಟ್ಟುವ ಯಂತ್ರ.

ಈ ಪೆಟ್ಟಿಗೆ ಬರುವುದಕ್ಕೆ ಮುಂಚೆ ಆ ಸ್ಥಾನ ಹಾರ್ಮೋನಿಯಮ್ಮಿನದಾಗಿತ್ತು. ದಾವಣಗೆರೆಯು ವೃತ್ತಿರಂಗಭೂಮಿಗೆ ತವರು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯು ಈ ಊರಿನದೇ. ಕಂಪನಿ ನಾಟಕಗಳಲ್ಲಿ ರಂಗದ ಮುಂಭಾಗದಲ್ಲಿ ಕುಳಿತು, ತಿದಿಯನ್ನು ಕಾಲಿನಿಂದ ಒತ್ತುತ್ತ, ಎರಡು ಕೈಗಳನ್ನೂ ಮನೆಗಳ ಮೇಲೆ ಓಡಿಸುತ್ತಿದ್ದ ಹಾರ್ಮೋನಿಯಂ ಮಾಸ್ತರರನ್ನು ಹಿರಿಯ ತಲೆಮಾರಿನವರು ಇಂದಿಗೂ ನೆನೆಯುವುದುಂಟು. ನಮ್ಮ ವಿಷಯಕ್ಕೆ ಈ ಹಾರ್ಮೋನಿಯಂ ಹೊರಗಿನದಲ್ಲ ಎಂಬುದು ಮುಂದೆ ತಿಳಿದುಬರುತ್ತದೆ.

ಸಿಂಥೆಸೈಸರುಗಳಲ್ಲಿ ಎರಡು ಕುಲಗಳಿವೆ. ಒಂದು ಅನಲಾಗ್, ಇನ್ನೊಂದು ಡಿಜಿಟಲ್. ಅನುಕೂಲಕ್ಕಾಗಿ ಮೊದಲನೆಯದನ್ನು ಅಲೆವಾದ್ಯವೆಂದೂ ಎರಡನೆಯದನ್ನು ಅಂಕಿವಾದ್ಯವೆಂದೂ ಕರೆಯೋಣ. ಅಲೆವಾದ್ಯದ ನಾದ ಬೆಚ್ಚಗಿನದು, ತುಂಬು ನಾದ. ಅಂಕಿವಾದ್ಯದ್ದು ತಣ್ಣಗಿನದು, ಒಣನಾದ ಎಂಬ ಮಾತು ವಾದಕರಲ್ಲಿಯೂ ವ್ಯಾಪಾರಿಗಳಲ್ಲಿಯೂ ಬಹುಕಾಲದಿಂದ ಪ್ರಚಾರದಲ್ಲಿದೆ. ಕಾರಣ ಕೇಳಿದರೆ, ಅಂಕಿಗಳಿಂದ ಕಟ್ಟಿದ ಅಲೆಯು ಮೆಟ್ಟಿಲುಮೆಟ್ಟಿಲಾಗಿದ್ದು ನಡುವೆ ಸಂದುಗಳಿರುತ್ತವೆ, ಆ ಸಂದುಗಳಲ್ಲಿ ನಾದದ ಜೀವ ಸೋರಿಹೋಗುತ್ತದೆ ಎನ್ನುವರು. ಈ ವಿವರಣೆ ಸುಲಭವಾಗಿದೆ, ಕೇಳುವುದಕ್ಕೂ ಸೊಗಸಾಗಿದೆ. ಆದರೆ ಅದು ತಪ್ಪು. ಕಿವಿಗೆ ಭೇದ ತೋರುವುದು ನಿಜ. ಕಾರಣ ಮಾತ್ರ ಬೇರೆ.

ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ತಿಳಿದಿರುವಂತೆ ನಾದವೆಂಬುದು ಗಾಳಿಯ ಒತ್ತಡದ ಏರಿಳಿತ. ಸೆಕೆಂಡಿಗೆ ೨೪೦ ಸಲ ಏರಿಳಿದರೆ ಒಂದು ಸ್ವರ ಹುಟ್ಟುತ್ತದೆ. ಅದೇ ನಮ್ಮ ಷಡ್ಜವೆಂದು ಇಟ್ಟುಕೊಳ್ಳೋಣ. ತಂತಿಯೋ ರೀಡೋ ೨೪೦ ಕಂಪನಗಳನ್ನು ಮಾತ್ರ ಕೊಡದೆ, ಜೊತೆಯಲ್ಲಿಯೇ ೪೮೦, ೭೨೦, ೯೬೦, ೧೨೦೦ ಹೀಗೆ ಅದರ ಗುಣಕಗಳನ್ನೂ ಕೊಡುತ್ತದೆ. ಇವು ಮೇಲ್ಸ್ವರಗಳು. ಯಾವ ಮೇಲ್ಸ್ವರಕ್ಕೆ ಎಷ್ಟು ಬಲ, ಅದು ಕಾಲಕ್ರಮದಲ್ಲಿ ಹೇಗೆ ಹೆಚ್ಚುತ್ತದೆ, ಹೇಗೆ ಕುಗ್ಗುತ್ತದೆ ಎಂಬುದರಿಂದಲೇ ಕೊಳಲು ಕೊಳಲಾಗಿಯೂ ಪಿಟೀಲು ಪಿಟೀಲಾಗಿಯೂ ಕೇಳಿಸುವುದು.

ಈಗ ಹಾರ್ಮೋನಿಯಮ್ಮಿಗೆ ಬರೋಣ. ಕೆಲವು ಹಾರ್ಮೋನಿಯಮ್ಮುಗಳಲ್ಲಿ ಒಂದೊಂದು ಮನೆಗೂ ಒಂದೇ ಸ್ಥಾಯಿಯ ಎರಡು ರೀಡುಗಳನ್ನು ಕೂಡಿಸಿರುತ್ತಾರೆ. ಕಸಬುದಾರನು ಎಷ್ಟು ಜಾಗರೂಕತೆಯಿಂದ ಉಜ್ಜಿದರೂ ಆ ಎರಡು ಹಿತ್ತಾಳೆಯ ನಾಲಗೆಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಹೊಂದುವುದಿಲ್ಲ. ಒಂದು ೨೪೦ ಸಲ ಕಂಪಿಸಿದರೆ ಇನ್ನೊಂದು ೨೪೧ ಸಲ. ಎರಡು ಅಲೆಗಳೂ ಒಮ್ಮೆ ಕೈಜೋಡಿಸಿ ಬಲಗೊಳ್ಳುತ್ತವೆ, ಮರುಗಳಿಗೆಯಲ್ಲಿ ಎದುರುಬದುರಾಗಿ ಕುಗ್ಗುತ್ತವೆ. ಸೆಕೆಂಡಿಗೆ ಒಂದು ಸಲ ನಾದವು ಉಬ್ಬಿ ತಗ್ಗುತ್ತದೆ. ಇದಕ್ಕೆ ವಿಸ್ಪಂದವೆಂದು ಹೆಸರು. ಅವುಗಳ ಐದನೆಯ ಮೇಲ್ಸ್ವರಗಳಾದ ೧೨೦೦ ಮತ್ತು ೧೨೦೫ರ ನಡುವೆ ಸೆಕೆಂಡಿಗೆ ಐದು ವಿಸ್ಪಂದಗಳಾಗುವುದರಿಂದ, ಒಂದೊಂದು ಮೇಲ್ಸ್ವರವೂ ತನ್ನದೇ ಲಯದಲ್ಲಿ ಉಸಿರಾಡಿದಂತಾಗುತ್ತದೆ. ಒಂಟಿ ರೀಡಿನ ನಾದಕ್ಕಿಂತ ಜೋಡಿ ರೀಡಿನ ನಾದವು ದಪ್ಪವೆನ್ನಿಸುವುದಕ್ಕೆ ಇದೇ ಕಾರಣ. ಬೆಚ್ಚಗಿನ ನಾದವೆಂದು ಕೊಂಡಾಡುವುದರ ಗುಟ್ಟಿನಲ್ಲಿ ಮುಕ್ಕಾಲು ಪಾಲು ಇಲ್ಲಿಯೇ ಇದೆ.

ಅಮೆರಿಕದ ರಾಬರ್ಟ್ ಮೂಗ್ ೧೯೬೪ರಲ್ಲಿ ರಚಿಸಿದ ಅಲೆವಾದ್ಯದಲ್ಲಿ ತಂತಿಯೂ ಇಲ್ಲ, ರೀಡೂ ಇಲ್ಲ. ಟ್ರಾನ್ಸಿಸ್ಟರುಗಳ ಒಂದು ಮಂಡಲವು ವಿದ್ಯುತ್ತಿನ ಒತ್ತಡವನ್ನು ಗರಗಸದ ಹಲ್ಲಿನಂತೆ ಏರಿಸಿ ಇಳಿಸುತ್ತದೆ. ಇದರಲ್ಲಿ ಮೇಲ್ಸ್ವರಗಳು ದಂಡಿಯಾಗಿರುತ್ತವೆ. ಇನ್ನೊಂದು ಮಂಡಲವು ಜರಡಿಯಂತೆ ಬೇಡವಾದ ಮೇಲ್ಸ್ವರಗಳನ್ನು ತಡೆಯುತ್ತದೆ. ಮೂರನೆಯದು ಸ್ವರವು ಎಷ್ಟು ಬೇಗ ಏರಬೇಕು, ಎಷ್ಟು ನಿಧಾನವಾಗಿ ಆರಬೇಕು ಎಂಬುದನ್ನು ನೋಡಿಕೊಳ್ಳುತ್ತದೆ. ಆರಂಭದಿಂದ ಧ್ವನಿವರ್ಧಕದವರೆಗೂ ವಿದ್ಯುತ್ತಿನ ಒತ್ತಡವು ಗಾಳಿಯ ಒತ್ತಡವನ್ನು ಎಡೆಬಿಡದೆ ಅನುಕರಿಸುತ್ತದೆಯಾದ್ದರಿಂದ ಇದಕ್ಕೆ ಅನಲಾಗ್ ಎಂಬ ಹೆಸರು. ಭಾರತಕ್ಕೆ ಇಂತಹ ವಾದ್ಯ ಬಂದದ್ದು ತಡವಾಗಿಯೇನೂ ಅಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ೧೯೬೯ರಲ್ಲಿಯೇ ಡೇವಿಡ್ ಟ್ಯೂಡರ್ ಎಂಬ ಸಂಗೀತಗಾರರ ನೆರವಿನಿಂದ ಮೂಗ್ ವಾದ್ಯವಿದ್ದ ಒಂದು ಪ್ರಯೋಗಶಾಲೆ ಏರ್ಪಟ್ಟಿತ್ತು. ಮುಂಬಯಿಯ ಚರಣ್‌ಜಿತ್ ಸಿಂಗ್ ಅವರು ೧೯೮೨ರಲ್ಲಿ ಹತ್ತು ರಾಗಗಳನ್ನು ಅಲೆವಾದ್ಯಗಳಲ್ಲಿ ನುಡಿಸಿ ಧ್ವನಿಮುದ್ರಿಸಿದರು.

ಮೂಗ್ ಅವರು ಹಾಕಿಕೊಟ್ಟ ಏರ್ಪಾಡಿನಲ್ಲಿ ಒಂದು ವೋಲ್ಟ್ ಹೆಚ್ಚಿಸಿದರೆ ಸ್ವರವು ಸರಿಯಾಗಿ ಒಂದು ಸ್ಥಾಯಿ ಮೇಲೇರುತ್ತದೆ. ಎಂದರೆ ಕಂಪನಗಳು ಇಮ್ಮಡಿಯಾಗುತ್ತವೆ. ಒತ್ತಡವು ಕೂಡುತ್ತ ಹೋದಂತೆ ಪ್ರವಾಹವು ಗುಣಿಸುತ್ತ ಹೋಗುವ ಟ್ರಾನ್ಸಿಸ್ಟರಿನ ಸಹಜಗುಣವನ್ನೇ ಇದಕ್ಕೆ ಬಳಸಿಕೊಂಡಿದ್ದಾರೆ. ಆದರೆ ಈ ಗುಣವು ನಿರಪೇಕ್ಷ ಉಷ್ಣತೆಯನ್ನು ಅವಲಂಬಿಸಿದೆ. ಸೆಂಟಿಗ್ರೇಡ್ ೨೭ ಡಿಗ್ರಿಯೆಂದರೆ ನಿರಪೇಕ್ಷ ಮಾನದಲ್ಲಿ ೩೦೦. ಒಂದು ಡಿಗ್ರಿ ಹೆಚ್ಚಿದರೆ ಮುನ್ನೂರರಲ್ಲಿ ಒಂದು ಪಾಲು ವ್ಯತ್ಯಾಸ. ಸಂಗೀತವನ್ನು ಅಳೆಯುವವರು ಸ್ಥಾಯಿಯನ್ನು ೧೨೦೦ ಪಾಲು ಮಾಡಿ ಒಂದೊಂದನ್ನು ಸೆಂಟ್ ಎನ್ನುತ್ತಾರೆ. ಆದ್ದರಿಂದ ಒಂದು ಡಿಗ್ರಿಗೆ, ಒಂದು ಸ್ಥಾಯಿಗೆ ನಾಲ್ಕು ಸೆಂಟುಗಳ ತಪ್ಪು. ದಾವಣಗೆರೆಯ ಬೇಸಗೆಯಲ್ಲಿ ಬೆಳಗ್ಗೆ ೨೫ ಡಿಗ್ರಿಯಲ್ಲಿ ಶ್ರುತಿ ಮಾಡಿದ ವಾದ್ಯವನ್ನು ಮಧ್ಯಾಹ್ನ ೩೭ ಡಿಗ್ರಿಯಲ್ಲಿ ನುಡಿಸಿದರೆ ಮೇಲಿನ ಷಡ್ಜವು ೪೮ ಸೆಂಟುಗಳಷ್ಟು, ಎಂದರೆ ಸುಮಾರು ಕಾಲು ಸ್ವರದಷ್ಟು, ಇಳಿದಿರುತ್ತದೆ! ತಯಾರಕರು ಸುಮ್ಮನಿರಲಿಲ್ಲ. ಶಾಖಕ್ಕೆ ತಕ್ಕಂತೆ ಮೌಲ್ಯ ಬದಲಾಗುವ ರೋಧಕಗಳನ್ನು ಸೇರಿಸಿ ಈ ತಪ್ಪನ್ನು ಬಹುಮಟ್ಟಿಗೆ ತಗ್ಗಿಸಿದರು. ಆದರೂ ಅಲ್ಪಸ್ವಲ್ಪ ಅಲುಗಾಟ ಉಳಿದೇ ಉಳಿಯಿತು. ೧೯೭೦ರ ಮಿನಿಮೂಗ್ ವಾದ್ಯದಲ್ಲಿ ಮೂರು ಸ್ವರಜನಕಗಳಿದ್ದವು. ಮೂರೂ ಒಂದೇ ಸ್ವರವನ್ನು ನುಡಿಯುವಾಗ ಒಂದೊಂದೂ ತನ್ನಷ್ಟಕ್ಕೆ ಕೂದಲೆಳೆಯಷ್ಟು ಅತ್ತಿತ್ತ ಸರಿಯುತ್ತಿದ್ದರೆ ಆಗುವುದೇನು? ಜೋಡಿ ರೀಡಿನ ವಿಸ್ಪಂದವೇ. ಅದೂ ಒಮ್ಮೆ ಇದ್ದಂತೆ ಇನ್ನೊಮ್ಮೆ ಇಲ್ಲದ ವಿಸ್ಪಂದ. ಶಾಸ್ತ್ರಜ್ಞನು ದೋಷವೆಂದು ಎಣಿಸಿದ್ದನ್ನು ರಸಿಕನು ಗುಣವೆಂದು ಸ್ವೀಕರಿಸಿದನು.

ಅಂಕಿವಾದ್ಯದ ರೀತಿಯೇ ಬೇರೆ. ಹರಿಹರದವರಿಗೆ ಲೇತುಗಳ ಪರಿಚಯ ಹೇಳಬೇಕಾದ್ದಿಲ್ಲ. ೧೯೪೧ರಲ್ಲಿ ಆರಂಭವಾಗಿ ದಶಕಗಳ ಕಾಲ ನಡೆದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ದೇಶದಲ್ಲೆಲ್ಲ ಹೆಸರಾಗಿದ್ದವು. ಹಳೆಯ ಲೇತಿನಲ್ಲಿ ಸ್ಕ್ರೂ ಕೊರೆಯುವಾಗ ತಿರುಗುವ ಕದಿರಿಗೂ ಸರಿಯುವ ಉಳಿಗೂ ಹಲ್ಲುಗಾಲಿಗಳ ನೇರ ಸಂಬಂಧವಿರುತ್ತದೆ. ಒಂದರ ಚಲನೆ ಇನ್ನೊಂದರ ಪಡಿಯಚ್ಚು. ಇಂದಿನ ಗಣಕ ಲೇತಿನಲ್ಲಿ ಉಳಿಯು ಎಲ್ಲೆಲ್ಲಿ ಇರಬೇಕೆಂಬ ಅಂಕಿಗಳ ಪಟ್ಟಿಯಿರುತ್ತದೆ, ಅದರಂತೆ ಮೋಟಾರು ಉಳಿಯನ್ನು ನಡೆಸುತ್ತದೆ. ಅಂಕಿವಾದ್ಯವೂ ಹೀಗೆಯೇ. ಅಲೆಯ ಎತ್ತರವನ್ನು ಸೆಕೆಂಡಿಗೆ, ಉದಾಹರಣೆಗೆ, ೪೪,೧೦೦ ಸಲ ಲೆಕ್ಕ ಹಾಕಿ ಅಂಕಿಯಾಗಿ ಹೊರಗೆ ಕಳುಹಿಸುತ್ತದೆ. ಗಣಕ ಲೇತಿನ ಸ್ಕ್ರೂ ಮೆಟ್ಟಿಲುಮೆಟ್ಟಿಲಾಗಿದೆಯೆಂದು ಯಾರೂ ದೂರುವುದಿಲ್ಲ. ನಾದದ ವಿಷಯದಲ್ಲಿಯೂ ದೂರಲು ಕಾರಣವಿಲ್ಲ.

ಏಕೆ ಕಾರಣವಿಲ್ಲವೆಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಕಾಗದದ ಮೇಲೆ ಹತ್ತು ಚುಕ್ಕೆಗಳನ್ನಿಟ್ಟರೆ ಅವುಗಳ ಮೂಲಕ ಎಷ್ಟು ಬಗೆಯ ವಕ್ರರೇಖೆಗಳನ್ನಾದರೂ ಎಳೆಯಬಹುದು. ಆದರೆ ರೇಖೆಯು ಒಂದು ಮಿತಿಗಿಂತ ವೇಗವಾಗಿ ಏರಿಳಿಯಕೂಡದೆಂಬ ಕಟ್ಟಳೆ ಹಾಕಿ, ಆ ಮಿತಿಗೆ ತಕ್ಕಷ್ಟು ಒತ್ತಾಗಿ ಚುಕ್ಕೆಗಳನ್ನಿಟ್ಟರೆ, ಅವುಗಳ ಮೂಲಕ ಹಾಯುವ ರೇಖೆ ಒಂದೇ ಒಂದು. ಅಲೆಯಲ್ಲಿರುವ ಅತಿ ಶೀಘ್ರ ಕಂಪನದ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ಸಾಕು, ಏನೂ ಕಳೆದುಹೋಗುವುದಿಲ್ಲ. ೧೯೨೮ರಲ್ಲಿ ನೈಕ್ವಿಸ್ಟ್ ಅವರು ತೋರಿದ ದಾರಿಯಲ್ಲಿ ನಡೆದು ೧೯೪೯ರಲ್ಲಿ ಶ್ಯಾನನ್ ಅವರು ಈ ಪ್ರಮೇಯವನ್ನು ಸಿದ್ಧಪಡಿಸಿ ಪ್ರಕಟಿಸಿದರು. ಮನುಷ್ಯನ ಕಿವಿಯ ಮೇಲಿನ ಎಲ್ಲೆ ಸುಮಾರು ೨೦,೦೦೦ ಕಂಪನಗಳು. ಆದ್ದರಿಂದ ೪೪,೧೦೦ ಧಾರಾಳವಾಯಿತು. ಅಂಕಿಗಳನ್ನು ಮತ್ತೆ ವಿದ್ಯುತ್ತಾಗಿ ಮಾಡುವ ಕೊನೆಯ ಮಂಡಲದಲ್ಲಿ ಒಂದು ಜರಡಿಯಿದ್ದು, ಅದು ಆ ಏಕೈಕ ರೇಖೆಯನ್ನೇ ಬಿಡಿಸಿಕೊಡುತ್ತದೆ. ನಂಬಿಕೆಯಿಲ್ಲದವರು ಕೀಬೋರ್ಡಿನ ಹೊರತಂತಿಯನ್ನು ಕಾಲೇಜಿನ ಆಸಿಲೋಸ್ಕೋಪಿಗೆ ಜೋಡಿಸಿ ನೋಡಬಹುದು. ೧೯೫೧ರಲ್ಲಿ ಸ್ಥಾಪಿತವಾದ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜಿರುವ ದಾವಣಗೆರೆಯ ವಿದ್ಯಾರ್ಥಿಗಳಿಗೆ ಇದು ಕಷ್ಟವಾಗಲಾರದು. ಪರದೆಯ ಮೇಲೆ ಕಾಣುವುದು ನುಣುಪಾದ ಅಲೆ; ಮೆಟ್ಟಿಲುಗಳಲ್ಲ.

ಹಾಗಾದರೆ ಮೊದಮೊದಲ ಅಂಕಿವಾದ್ಯಗಳ ಬಗ್ಗೆ ಬಂದ ಅಪವಾದವೆಲ್ಲ ಸುಳ್ಳೇ? ಅಲ್ಲ. ಅವುಗಳಲ್ಲಿ ನಿಜವಾದ ದೋಷಗಳೇ ಇದ್ದವು. ಅಲೆಯ ಎತ್ತರವನ್ನು ಎಂಟು ದ್ವಿಮಾನ ಸ್ಥಾನಗಳಲ್ಲಿ ಬರೆದರೆ ಒಟ್ಟು ೨೫೬ ಎತ್ತರಗಳು ಮಾತ್ರ ಸಿಕ್ಕುತ್ತವೆ. ನಡುವಿನದನ್ನು ಹತ್ತಿರದ ಅಂಕಿಗೆ ದೂಡಬೇಕು. ಈ ದೂಡಾಟವು ಮರಳು ಸುರಿದಂತಹ ಸದ್ದಾಗಿ ಕೇಳಿಸುತ್ತದೆ. ಹದಿನಾರು ಸ್ಥಾನಗಳಾದರೆ ೬೫,೫೩೬ ಎತ್ತರಗಳು; ಆಗ ಆ ಸದ್ದು ಕೇಳದಷ್ಟು ಕೆಳಗಿಳಿಯುತ್ತದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದು. ಸಿನಿಮಾದಲ್ಲಿ ಓಡುವ ಗಾಡಿಯ ಚಕ್ರವು ಹಿಮ್ಮುಖವಾಗಿ ತಿರುಗುವಂತೆ ಕಾಣುವುದನ್ನು ವಾಚಕರು ನೋಡಿರಬಹುದು. ಅಂಕಿವಾದ್ಯದಲ್ಲಿ ನಾದಕ್ಕೂ ಈ ಭ್ರಾಂತಿ ಉಂಟಾಗುತ್ತದೆ. ೩,೦೦೦ ಕಂಪನಗಳ ಗರಗಸದ ಅಲೆಯನ್ನು ಅಜಾಗರೂಕತೆಯಿಂದ ಲೆಕ್ಕ ಹಾಕಿದರೆ ಅದರ ಹದಿಮೂರನೆಯ ಮೇಲ್ಸ್ವರವಾದ ೩೯,೦೦೦ವು ಎಲ್ಲೆಯನ್ನು ಮೀರಿ, ಮಡಿಸಿಕೊಂಡು, ೪೪,೧೦೦ರಲ್ಲಿ ೩೯,೦೦೦ ಕಳೆದ ೫,೧೦೦ ಕಂಪನಗಳ ಸ್ವರವಾಗಿ ಹೊರಬೀಳುತ್ತದೆ. ಇದು ಮೂರು ಸಾವಿರದ ಗುಣಕವಲ್ಲ. ಎಂದರೆ ಬೀಗರ ಮನೆಯ ಊಟಕ್ಕೆ ಕರೆಯದೆ ಬಂದು ಕುಳಿತ ಅಪರಿಚಿತ. ವಾದಕನು ಸ್ವರವನ್ನು ಜಾರಿಸಿ ೩,೧೦೦ಕ್ಕೆ ಏರಿಸಿದರೆ ಈ ಅಪರಿಚಿತನು ೩,೮೦೦ಕ್ಕೆ ಇಳಿಯುತ್ತಾನೆ! ತಣ್ಣಗಿನ ನಾದ, ಲೋಹದಂತಹ ನಾದ ಎಂದು ದೂರಿದವರ ಕಿವಿಗೆ ತಟ್ಟಿದ್ದರಲ್ಲಿ ಇದೂ ಒಂದು. ಈಗ ಲೆಕ್ಕ ಹಾಕುವಾಗಲೇ ಎಲ್ಲೆ ಮೀರುವ ಮೇಲ್ಸ್ವರಗಳನ್ನು ಕೈಬಿಡುವ ಹಲವು ಉಪಾಯಗಳಿವೆ.

ಅಂಕಿವಾದ್ಯಕ್ಕೆ ಒಂದು ಸ್ವತಂತ್ರ ಪ್ರತಿಭೆಯೂ ಉಂಟು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಜಾನ್ ಚೌನಿಂಗ್ ಅವರು ೧೯೬೭ರಲ್ಲಿ ಸ್ವರವನ್ನು ನಡುಗಿಸುವ ಪ್ರಯೋಗ ಮಾಡುತ್ತಿದ್ದರು. ನಮ್ಮ ಗಮಕಗಳಲ್ಲಿ ಕಂಪಿತವೆಂಬುದಿದೆಯಲ್ಲವೆ, ಅದರಂತೆ. ನಡುಕವನ್ನು ಸೆಕೆಂಡಿಗೆ ಐದಾರರಿಂದ ನೂರಾರಕ್ಕೆ ಏರಿಸಿದಾಗ ಅದು ನಡುಕವಾಗಿ ಕೇಳಿಸುವುದು ನಿಂತು, ಹೊಸ ಮೇಲ್ಸ್ವರಗಳ ಗೊಂಚಲಾಗಿ, ಗಂಟೆಯ ನಾದವಾಗಿ, ತುತ್ತೂರಿಯ ನಾದವಾಗಿ ಮಾರ್ಪಟ್ಟಿತು. ೧೯೮೩ರಲ್ಲಿ ಯಮಾಹ ಕಂಪನಿಯವರು ಹೊರತಂದ ಡಿಎಕ್ಸ್ ೭ ವಾದ್ಯಕ್ಕೆ ಇದೇ ಬುನಾದಿ. ಇಂತಹ ಗಂಟೆಯ ನಾದವನ್ನು ಅಲೆವಾದ್ಯದಲ್ಲಿ ಸ್ಥಿರವಾಗಿ ಪಡೆಯುವುದು ಬಹಳ ಕಷ್ಟ. ಸ್ವರಜನಕಗಳು ಕೂದಲೆಳೆ ಸರಿದರೂ ಗೊಂಚಲು ಚದರಿಹೋಗುತ್ತದೆ. ಅಲ್ಲಿ ಗುಣವಾದ ಅಲುಗಾಟ ಇಲ್ಲಿ ದೋಷ.

ಎರಡು ಕುಲಗಳ ಸಂಕರವೂ ನಡೆದಿದೆ. ಹರಿಹರದ ಗುಡಿಯಲ್ಲಿ ಒಂದೇ ವಿಗ್ರಹದ ಬಲಭಾಗ ಹರನಾಗಿಯೂ ಎಡಭಾಗ ಹರಿಯಾಗಿಯೂ ಇರುವಂತೆ, ೧೯೮೨ರ ರೋಲ್ಯಾಂಡ್ ಜೂನೋ ೬೦ ವಾದ್ಯದಲ್ಲಿ ಸ್ವರದ ಕಾಲವನ್ನು ಅಂಕಿಗಳು ನಿಯಂತ್ರಿಸಿದರೆ, ಅಲೆಯನ್ನೂ ಜರಡಿಯನ್ನೂ ಹಳೆಯ ಬಗೆಯ ಮಂಡಲಗಳೇ ನೋಡಿಕೊಳ್ಳುತ್ತಿದ್ದವು. ಇದರಿಂದ ಶ್ರುತಿಯ ಅಲುಗಾಟ ತೊಲಗಿತು. ತೊಲಗಿದೊಡನೆ ನಾದ ತೆಳುವೆನಿಸದಂತೆ ಮಾಡಲು, ಅದೇ ನಾದವನ್ನು ಸೆಕೆಂಡಿನ ಕೆಲವು ಸಾವಿರದೊಂದು ಭಾಗಗಳಷ್ಟು ತಡೆದು, ಆ ತಡೆಯನ್ನು ಹಿಂದುಮುಂದು ತೂಗಿ, ಮೂಲನಾದದೊಡನೆ ಬೆರೆಸುವ ಒಂದು ಗುಂಡಿಯನ್ನು ಅದರಲ್ಲಿ ಇಟ್ಟಿದ್ದರು! ಒಂದು ಬಾಗಿಲಿನಿಂದ ಹೊರಹಾಕಿದ ವಿಸ್ಪಂದವನ್ನು ಇನ್ನೊಂದು ಬಾಗಿಲಿನಿಂದ ಕರೆತಂದ ಹಾಗಾಯಿತು. ಇಂದಿನ ಅಂಕಿವಾದ್ಯಗಳಂತೂ ಶಾಖಕ್ಕೆ ಸರಿಯುವ ಟ್ರಾನ್ಸಿಸ್ಟರಿನ ಸ್ವಭಾವವನ್ನೇ ಲೆಕ್ಕ ಹಾಕಿ ಬೇಕಾದಷ್ಟು ಅಲುಗಾಟವನ್ನು ಬೆರೆಸುತ್ತವೆ.

ವಾಚಕರು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಸ್ವರ ಹೊರಡಿಸುವ ಉಚಿತ ತಂತ್ರಾಂಶವನ್ನು ಎರಡು ಮೊಬೈಲುಗಳಲ್ಲಿ ಹಾಕಿ, ಒಂದರಲ್ಲಿ ೨೪೦ನ್ನೂ ಇನ್ನೊಂದರಲ್ಲಿ ೨೪೧ನ್ನೂ ಗರಗಸದ ಅಲೆಯಾಗಿ ನುಡಿಸಿರಿ. ಎರಡೂ ಶುದ್ಧ ಅಂಕಿವಾದ್ಯಗಳೇ. ಕೇಳುವ ನಾದ ಮಾತ್ರ ಬೆಚ್ಚಗಿರುತ್ತದೆ. ಅಂಗಡಿಯಲ್ಲಿ ವಾದ್ಯಗಳನ್ನು ಹೋಲಿಸುವಾಗ ಎರಡರ ಗಟ್ಟಿತನವನ್ನು ಸಮಮಾಡಿ, ಕಣ್ಣು ಮುಚ್ಚಿ ಕೇಳಬೇಕು. ತುಸು ಗಟ್ಟಿಯಾದ ನಾದವು ಕಿವಿಗೆ ಯಾವಾಗಲೂ ಉತ್ತಮವೆಂದೇ ತೋರುವುದರಿಂದ, ಇದನ್ನು ಮಾಡದೆ ಬೆಲೆ ತೆತ್ತವರು ಗಟ್ಟಿತನಕ್ಕೇ ಬೆಲೆ ತೆತ್ತಂತಾಗುತ್ತದೆ.

ನಮ್ಮ ಸಂಗೀತದವರಿಗೆ ಇದಕ್ಕಿಂತ ಕಠಿನವಾದ ಪರೀಕ್ಷೆಯೆಂದರೆ ತಂಬೂರಿ. ಸರ್ ಸಿ. ವಿ. ರಾಮನ್ ಅವರು ಕಲ್ಕತ್ತೆಯಲ್ಲಿದ್ದಾಗ ತಂಬೂರಿ ಮತ್ತು ವೀಣೆಗಳನ್ನು ಪರಿಶೀಲಿಸಿ ೧೯೨೧ರಲ್ಲಿ ಲೇಖನ ಪ್ರಕಟಿಸಿದರು. ತಂತಿಯನ್ನು ಮೀಟಿದ ಜಾಗದಲ್ಲಿ ಯಾವ ಮೇಲ್ಸ್ವರದ ನಿಶ್ಚಲ ಬಿಂದುವಿರುತ್ತದೆಯೋ ಆ ಮೇಲ್ಸ್ವರ ಹುಟ್ಟಲಾರದೆಂದು ಹಳೆಯ ನಿಯಮ. ನಮ್ಮ ವಾದ್ಯಗಳಲ್ಲಿ ಅದು ಢಾಳಾಗಿ ಕೇಳಿಸುತ್ತದೆಂದು ರಾಮನ್ ತೋರಿಸಿದರು. ಕುದುರೆಯ ಮೇಲ್ಮೈ ಅಗಲವಾಗಿ ಬಾಗಿರುವುದರಿಂದ ತಂತಿಯು ಅದನ್ನು ಸವರಿಕೊಂಡು ಕಂಪಿಸುವುದೇ ಕಾರಣ. ತಂಬೂರಿಯಲ್ಲಿ ತಂತಿಯ ಕೆಳಗೆ ಒಂದು ಎಳೆ ಹತ್ತಿಯ ನೂಲು ಸೇರಿಸಿ ಈ ಸವರುವಿಕೆಯನ್ನು ಹದಗೊಳಿಸುತ್ತಾರೆ. (ಒಂದು ಕಾಲದಲ್ಲಿ ಊರಿಗೆಲ್ಲ ಅನ್ನ ಕೊಟ್ಟ ದಾವಣಗೆರೆಯ ಗಿರಣಿಗಳ ನೂಲಿನಲ್ಲಿ ಒಂದು ಗೇಣು ಇದಕ್ಕೂ ಸಂದಿರಬಹುದು.) ಹಿಂದುಸ್ತಾನಿ ಸಂಗೀತದವರು ಇದರಿಂದ ಬರುವ ಝೇಂಕಾರವನ್ನು ಜವಾರಿ ಎನ್ನುತ್ತಾರೆ, ಸಂತೆಯಲ್ಲಿ ಜವಾರಿ ಸೌತೆಕಾಯಿ ಕೇಳಿ ಕೊಳ್ಳುವ ನಮ್ಮವರಿಗೆ ಈ ಹೆಸರು ಬೇರೊಂದು ರೀತಿಯಲ್ಲಿಯೂ ಸೊಗಸಾಗಿ ಒಪ್ಪುತ್ತದೆ.

ಬೆಂಗಳೂರಿನ ಇಂಜಿನಿಯರರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಅವರು ೧೯೭೯ರಲ್ಲಿ ವಿದ್ಯುನ್ಮಾನ ತಂಬೂರಿಯನ್ನು ರೂಪಿಸಿದರು. ಅದು ಕೈಚೀಲದಲ್ಲಿ ಹಿಡಿಯುವ ತಂಬೂರಿ. ಮೀಟುವವರಿಲ್ಲದೆ ಮನೆಯಲ್ಲಿ ಒಬ್ಬಂಟಿಯಾಗಿ ಹಾಡಿಕೊಳ್ಳುವವರಿಗೆ ಇದು ಎಂತಹ ಉಪಕಾರವೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ಅಲೆಯನ್ನು ಹುಟ್ಟಿಸಿ ಜರಡಿ ಹಿಡಿಯುವ ಮಾರ್ಗದಿಂದ ಜವಾರಿಯನ್ನು ಹಿಡಿಯುವುದು ಕಷ್ಟಸಾಧ್ಯ. ನಿಜವಾದ ತಂಬೂರಿಯಲ್ಲಿ ಮೇಲ್ಸ್ವರಗಳೆಲ್ಲ ಒಟ್ಟಿಗೆ ಆರುವುದಿಲ್ಲ. ಮೀಟಿದ ಮೇಲೆಯೂ ಕೆಲವು ಬಲಗೊಂಡು, ಒಂದಾದಮೇಲೊಂದರಂತೆ ಅರಳಿ ಮುದುಡುತ್ತವೆ. ನಿಜವಾದ ತಂಬೂರಿಯ ನಾದವನ್ನೇ ಅಂಕಿಗಳಾಗಿ ಶೇಖರಿಸಿ ಮರಳಿ ನುಡಿಸುವ ವಿಧಾನ ಬಂದ ಮೇಲೆ ಈ ಅರಳುವಿಕೆಯೂ ಪೆಟ್ಟಿಗೆಯೊಳಕ್ಕೆ ಬಂದಿತು. ಆದ್ದರಿಂದ ತಂಬೂರಿಯ ಮಟ್ಟಿಗೆ ಹೆಚ್ಚು ಜೀವಂತವಾದದ್ದು ಅಂಕಿಯ ನಾದವೆಂಬುದೇ ನಮ್ಮ ಅಭಿಪ್ರಾಯ. ಅದರಲ್ಲಿಯೂ ಒಂದು ಕೊರತೆ ಉಂಟು. ಶೇಖರಿಸಿದ ಮೀಟು ಒಂದೇ ಆಗಿದ್ದರೆ ಸಾವಿರ ಸಲವೂ ಅದೇ ಮೀಟು. ಮನುಷ್ಯನ ಬೆರಳಿನಂತೆ ಒಮ್ಮೆ ಮೃದು, ಒಮ್ಮೆ ಬಿರುಸು ಇಲ್ಲ. ಕಿವಿಯು ಸ್ವಲ್ಪ ಹೊತ್ತಿನಲ್ಲಿಯೇ ಈ ಸುತ್ತನ್ನು ಕಂಡುಹಿಡಿದು ಬೇಸರಪಡುತ್ತದೆ. ಹಲವು ಮೀಟುಗಳನ್ನು ಶೇಖರಿಸಿ ಅದಲುಬದಲಾಗಿ ನುಡಿಸಿದರೆ ಬೇಸರ ಕಡಮೆಯಾಗುತ್ತದೆ.

ಸಂಗೀತ ಕಲಿಯುವ ಮಕ್ಕಳಿಗಾಗಿ ವಾದ್ಯ ಕೊಳ್ಳುವವರು ಅಲೆಯೋ ಅಂಕಿಯೋ ಎಂಬ ಚರ್ಚೆಗಿಂತ ಮೊದಲು ಗಮನಿಸಬೇಕಾದದ್ದು ಬೇರೊಂದಿದೆ. ತಂಬೂರಿಯ ೨೪೦ರ ಷಡ್ಜದ ಐದನೆಯ ಮೇಲ್ಸ್ವರ ೧೨೦೦. ಇದನ್ನೇ ಎರಡು ಸ್ಥಾಯಿ ಇಳಿಸಿದರೆ ೩೦೦; ಇದು ತಂಬೂರಿಯೊಳಗೆ ತಾನಾಗಿ ಕೇಳಿಬರುವ ಸ್ವಯಂಭೂ ಗಾಂಧಾರ. ಕೀಬೋರ್ಡಿನ ಮತ್ತು ಹಾರ್ಮೋನಿಯಮ್ಮಿನ ಗಾಂಧಾರವಾದರೋ, ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿರುವುದರಿಂದ, ೩೦೨.೪. ಹದಿನಾಲ್ಕು ಸೆಂಟುಗಳ ಭೇದ. ಷಡ್ಜದೊಡನೆ ಈ ಗಾಂಧಾರವನ್ನು ಒತ್ತಿದರೆ ಮೇಲ್ಸ್ವರಗಳ ನಡುವೆ ಸೆಕೆಂಡಿಗೆ ಒಂಬತ್ತಕ್ಕೂ ಹೆಚ್ಚು ವಿಸ್ಪಂದಗಳಾಗಿ ನಾದ ಗರಗರ ಎನ್ನುತ್ತದೆ. ಅಂಕಿವಾದ್ಯದೊಳಗಿನ ಸ್ಫಟಿಕ ಗಡಿಯಾರದ ತಪ್ಪು ಒಂದು ಸೆಂಟಿನ ಹತ್ತರಲ್ಲಿ ಒಂದು ಪಾಲಿಗಿಂತ ಕಡಮೆಯಾಗಿರಬಹುದು. ಆದರೆ ತಪ್ಪು ಜಾಗದಲ್ಲಿ ಅಷ್ಟು ನಿಖರವಾಗಿ ನಿಂತ ಗಾಂಧಾರವನ್ನು ಪ್ರತಿದಿನ ಕೇಳಿದ ಕಿವಿ ಅದನ್ನೇ ಸರಿಯೆಂದು ಕಲಿಯುತ್ತದೆ. ಆಕಾಶವಾಣಿಯು ೧೯೪೦ರಲ್ಲಿ ಹಾರ್ಮೋನಿಯಮ್ಮಿಗೆ ನಿಷೇಧ ಹಾಕಿ ೧೯೭೧ರಲ್ಲಿ ಸಡಿಲಿಸಿತು. ಅದು ಗಮಕಕ್ಕೆ ಒದಗದು, ಅದರ ಸ್ವರಸ್ಥಾನಗಳು ನಮ್ಮವಲ್ಲ ಎಂಬುದು ವಿರೋಧಿಗಳ ಆಕ್ಷೇಪಣೆಯಾಗಿತ್ತು.

ಹಾರ್ಮೋನಿಯಮ್ಮಿನ ಗಾಂಧಾರವನ್ನು ಸರಿಪಡಿಸಬೇಕಾದರೆ ಪೆಟ್ಟಿಗೆ ಬಿಚ್ಚಿ ರೀಡನ್ನು ಉಜ್ಜಬೇಕು. ಅಂಕಿವಾದ್ಯದಲ್ಲಿ ಅದು ಒಂದು ಅಂಕಿಯ ಮಾತು. ಈಗಿನ ಹಲವು ಕೀಬೋರ್ಡುಗಳಲ್ಲಿ ಒಂದೊಂದು ಮನೆಯನ್ನೂ ಬೇಕಾದಷ್ಟು ಸೆಂಟು ಏರಿಸಿ ಇಳಿಸುವ ಸೌಕರ್ಯವಿದ್ದರೂ ಅದನ್ನು ಮುಟ್ಟಿ ನೋಡಿದವರು ವಿರಳ. ಗಾಂಧಾರವನ್ನು ಹದಿನಾಲ್ಕು ಸೆಂಟು ಇಳಿಸಿ, ಪಕ್ಕದಲ್ಲಿ ತಂಬೂರಿ ಇಟ್ಟುಕೊಂಡು ಕೇಳಿದರೆ ಗರಗರ ನಿಲ್ಲುತ್ತದೆ. ಈ ಹೊಂದಾಣಿಕೆಯು ಆಯಾ ಶ್ರುತಿಗೆ ಮಾತ್ರ ಸಲ್ಲುವುದು; ರಸಮಂಜರಿಯಲ್ಲಿ ಗಾಯಕರು ಇಳಿದು ಗಾಯಕ ಮಹಿಳೆಯರು ವೇದಿಕೆಗೆ ಬಂದು ಷಡ್ಜ ಬೇರೆ ಮನೆಗೆ ಹೋದಾಗ ಅಂಕಿಗಳನ್ನು ಮತ್ತೆ ಹೊಸದಾಗಿ ಕೂಡಿಸಬೇಕಾಗುತ್ತದೆ.